ನೂರಾ ಹದಿನೇಳನೆಯ ಪುಟ

ಈ ಊರಿನಲ್ಲಿ ಗಂಡಂದಿರೆಲ್ಲ ಸೇರಿ ಅಳಿಸಿದ್ದಕ್ಕಿಂತ ನಾನೊಬ್ಬನೇ ಅಳಿಸಿದ್ದು ಹೆಚ್ಚು. ತಪ್ಪು ತಿಳಿಯಬೇಡಿ, ನಾನು ಕೈ ಎತ್ತುವವನಲ್ಲ, ಪೆನ್ನು ಎತ್ತುವವನು. ನೊಂದ ಹೆಂಗಸರ ಆತ್ಮಕಥೆಗಳನ್ನು ಅವರ ಪರವಾಗಿ ಬರೆದುಕೊಡುವುದು ನನ್ನ ಕಸುಬು. ನಲವತ್ತೊಂದು ಬರೆದಿದ್ದೇನೆ. ಅವನ್ನು ಓದಿ ಜನ ಸುರಿಸಿದ ನೀರನ್ನು ಒಂದು ಕಡೆ ಕಟ್ಟಿ ನಿಲ್ಲಿಸಿದ್ದರೆ ಅರ್ಧ ಊರು ಮುಳುಗಿ, ಉಳಿದರ್ಧ ಊರು ದೋಣಿ ಮಾರಿ ಬದುಕುತ್ತಿತ್ತು. ನಮ್ಮ ಬೀದಿಯ ಕರವಸ್ತ್ರದ ಅಂಗಡಿಯವನು ನನ್ನನ್ನು ಕಂಡರೆ ಈಗಲೂ ಗಲ್ಲಾಪೆಟ್ಟಿಗೆ ಬಿಟ್ಟು ಎದ್ದು ನಿಲ್ಲುತ್ತಾನೆ.

ಆದರೆ ನಲವತ್ತೊಂದರಲ್ಲಿ ಒಂದರ ಮೇಲೂ ನನ್ನ ಹೆಸರಿರಲಿಲ್ಲ. ರಕ್ಷಾಪುಟದ ಮೇಲೆ ಅವಳ ಹೆಸರು, ಹಿಂಬದಿಯಲ್ಲಿ ಅವಳ ಫೋಟೋ, ಒಳಗೆ 'ನನ್ನ ಕೈಯಾರೆ ಬರೆದ ನನ್ನ ಬದುಕು' ಎಂಬ ಸಾಲು. ಆ ಸಾಲನ್ನೂ ನಾನೇ ಬರೆದದ್ದು. ಪ್ರಕಾಶನದ ಯಜಮಾನಿ ಅದನ್ನು ವ್ಯಾಪಾರದ ಧರ್ಮ ಅನ್ನುತ್ತಿದ್ದಳು. ಹೆಣ್ಣಿನ ನೋವನ್ನು ಗಂಡಸು ಬರೆದ ಅಂತ ಗೊತ್ತಾದರೆ ಯಾರು ಕೊಳ್ಳುತ್ತಾರೆ?

ಪ್ರೆಸ್ಸಿನ ಹುಡುಗಿಯರು ನನ್ನನ್ನು ಹಿಂದಿನಿಂದ 'ಉಪ್ಪುಖಾರ' ಎಂದು ಕರೆಯುತ್ತಿದ್ದರು, ಎದುರಿಗೆ ಸಾರ್. ನನಗೇನೂ ಬೇಜಾರಿರಲಿಲ್ಲ. ಒಬ್ಬಳು ಬಂದು 'ಒಂದು ಏಟು ಕೊಟ್ಟರು' ಅಂದರೆ ನಾನು ಬೆಲ್ಟು ಬಿಚ್ಚಿಸುತ್ತಿದ್ದೆ. ಇನ್ನೊಬ್ಬಳು 'ಬೆಲ್ಟು ಬಿಚ್ಚಿದರು' ಅಂದರೆ ಕಬ್ಬಿಣದ ಸರಳು ಕಾಯಿಸುತ್ತಿದ್ದೆ. ಬರೆದುಕೊಳ್ಳುವ ಅಭ್ಯಾಸವೂ ನನಗಿಲ್ಲ. ಟೇಪು, ಟಿಪ್ಪಣಿ, ನೋಟುಬುಕ್ಕು, ಇವೆಲ್ಲ ನೆನಪು ಸಾಲದವರಿಗೆ. ಅವಳು ಹೇಳಬೇಕು, ನಾನು ಕಣ್ಣು ಮುಚ್ಚಿ ಕೇಳಬೇಕು, ರಾತ್ರಿ ಕಳೆದರೆ ಬೆಳಿಗ್ಗೆ ಅಧ್ಯಾಯ ಸಿದ್ಧ. ಕೊನೆಗೆ ಪ್ರತಿ ಪುಟದ ಕೆಳಗೂ ಅವಳು ಸಹಿ ಹಾಕಬೇಕು. ನಾಳೆ ಯಾರಾದರೂ ಕೇಳಿದರೆ ಪ್ರಕಾಶನದ ಕತ್ತು ಉಳಿಯಲಿ ಎಂದು ಯಜಮಾನಿ ಮಾಡಿಟ್ಟ ನಿಯಮ ಅದು.

ನಲವತ್ತೊಂದನೆಯವಳು ಕಾಜಾದವಳು. ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಶರ್ಟುಗಳಿಗೆ ಗುಂಡಿ ತೂರುವ ಕಣ್ಣು ಹೊಲಿಯುವ ಕೆಲಸ. ಅವಳ ಬೆರಳ ತುದಿ ನೋಡಬೇಕಿತ್ತು ನೀವು, ಸೂಜಿ ಚುಚ್ಚಿ ಚುಚ್ಚಿ ಜರಡಿಯಾಗಿತ್ತು. ನೀರು ಹೊಯ್ದರೆ ಆಚೆಯಿಂದ ಬರುತ್ತಿತ್ತೋ ಏನೋ. ಗಂಡನ ಮನೆ ಬಿಟ್ಟು ಆರು ವರ್ಷದ ಮಗಳನ್ನು ಕರೆದುಕೊಂಡು ಬಂದಿದ್ದಳು. ಇರಲು ಜಾಗವಿರಲಿಲ್ಲ. ಯಜಮಾನಿ, 'ಪುಸ್ತಕ ಆಗೋವರೆಗೂ ನಮ್ಮ ಗೋಡೌನಿನ ಮೇಲಿನ ಕೋಣೆಯಲ್ಲಿರು' ಎಂದು ಬೀಗದ ಕೈ ಕೊಟ್ಟಳು. ಪುಸ್ತಕದ ಕಟ್ಟುಗಳ ಮೇಲೆ ಹೊದಿಕೆ ಹಾಸಿ ಆ ಮಗು ಮಲಗುತ್ತಿತ್ತು. ಅಂದರೆ ನನ್ನ ಕೃತಿಗಳ ಮೇಲೆ. ಇಷ್ಟು ಒಳ್ಳೆಯ ಹಾಸಿಗೆ ರಾಜಕುಮಾರಿಯರಿಗೂ ಸಿಕ್ಕಿರಲಾರದು.

ಹತ್ತು ಮಧ್ಯಾಹ್ನ ಹೇಳಿದಳು. ಹತ್ತರಲ್ಲಿ ಒಂಬತ್ತು ಮಧ್ಯಾಹ್ನ ನನಗೆ ನಿದ್ದೆ ಬಂತು. ಯಾಕೆಂದರೆ ಅವಳ ಗಂಡ ಒಂದು ದಿನವೂ ಅವಳನ್ನು ಹೊಡೆದಿರಲಿಲ್ಲ.

ಅವನದು ಕನ್ನಡಕದ ಅಂಗಡಿ. ಮೆಲುದನಿ, ಇಸ್ತ್ರಿ ಮಾಡಿದ ಅಂಗಿ, ಮುದುಕರ ಕೈ ಹಿಡಿದು ಮೆಟ್ಟಿಲು ಇಳಿಸುವ ಗುಣ. ಊರಿನ ಅರ್ಧ ಮೂಗುಗಳ ಮೇಲೆ ಅವನೇ ಕೂತಿದ್ದ. ಅಂಥವನ ಮೇಲೆ ಇವಳ ದೂರೇನು? ಸ್ನಾನಕ್ಕೆ ಹೋಗುವ ಮೊದಲು ಅವನನ್ನು ಕೇಳಬೇಕು. ನಗುವ ಮೊದಲು ಅವನ ಮುಖ ನೋಡಬೇಕು. ಒಂದು ದಿನ ಮಹಡಿಯ ಮೇಲೆ ಬಟ್ಟೆ ಒಣಗಿಸಲು ಹೋದವಳನ್ನು ಬಾಗಿಲು ಹಾಕಿ ಸಂಜೆಯವರೆಗೂ ಬಿಸಿಲಲ್ಲಿ ನಿಲ್ಲಿಸಿದ. ನೀರಿನ ಟ್ಯಾಂಕಿನ ನೆರಳಿಗೆ ಒತ್ತಿಕೊಂಡು ಕೂತಿದ್ದಳಂತೆ.

"ಹೊಡೀಲೇ ಇಲ್ವಾ?" ಎಂದು ನಾನು ಕೇಳಿದೆ.

"ಇಲ್ಲ ಸಾರ್."

"ಒಂದ್ಸಲ? ಕುಡಿದಾಗ?"

"ಅವರು ಕುಡಿಯಲ್ಲ ಸಾರ್."

"ಏನಮ್ಮ ನೀನು, ಇಷ್ಟು ಒಳ್ಳೆ ಗಂಡನ್ನ ಇಟ್ಕೊಂಡು ಆತ್ಮಕಥೆ ಬರೆಸೋಕೆ ಬಂದಿದೀಯ!"

ಅವಳು ನಗಲಿಲ್ಲ. ನಗುವ ಮೊದಲು ಮುಖ ನೋಡುವ ಅಭ್ಯಾಸ ಬಿಟ್ಟಿರಲಿಲ್ಲವೋ ಏನೋ, ನನ್ನ ಮುಖ ನೋಡಿದಳು.

ಏಳನೆಯ ಮಧ್ಯಾಹ್ನ ನನಗೆ ಹಲ್ಲುನೋವು. ಸಾಮಾನ್ಯ ಹಲ್ಲುನೋವಲ್ಲ, ಆ ದವಡೆಯನ್ನು ಕುದುರೆಗೆ ಕೊಟ್ಟಿದ್ದರೆ ಕುದುರೆ ಸಾಯುತ್ತಿತ್ತು. ಕಣ್ಣು ಮುಚ್ಚಿ ಕೇಳುವ ಶಕ್ತಿಯೂ ಇರಲಿಲ್ಲ, ಮರುದಿನ ನೆನಪಿಸಿಕೊಳ್ಳುವ ಭರವಸೆಯೂ ಇರಲಿಲ್ಲ. ಆದ್ದರಿಂದ ಜೀವಮಾನದಲ್ಲಿ ಮೊದಲ ಸಲ ಒಬ್ಬ ಹೆಂಗಸು ಹೇಳುತ್ತಿದ್ದಂತೆ ಹೇಳಿದ್ದನ್ನು ಹೇಳಿದ ಹಾಗೇ ಬರೆದುಕೊಂಡೆ, ನೇರ ಪುಸ್ತಕದ ಹಾಳೆಯ ಮೇಲೇ. ಅಚ್ಚಾದಾಗ ಅದು ನೂರಾ ಹದಿನೇಳನೆಯ ಪುಟವಾಯಿತು. ಅದರಲ್ಲಿ ಒಂದು ಅಕ್ಷರವೂ ನನ್ನದಲ್ಲ. ಪುಟ ಇದು:

'ಅವರು ಊಟಕ್ಕೆ ಕೂತರೆ ನಾನು ಗೋಡೆಗೆ ಮುಖ ಮಾಡಿ ನಿಲ್ಲಬೇಕು. ಒಂದರಿಂದ ಎಣಿಸಬೇಕು, ಎಲ್ಲರಿಗೂ ಕೇಳೋ ಹಾಗೆ. ಎಲ್ಲಾದರೂ ತಪ್ಪಿದರೆ ಮತ್ತೆ ಒಂದರಿಂದ. ಅವರು ಕೈ ತೊಳೆದು ಬಂದು ಸಾಕು ಅಂದಾಗ ನಿಲ್ಲಿಸಬೇಕು. ಮೊದಮೊದಲು ಕಾಲು ನೋಯೋದು. ಆಮೇಲೆ ಅಭ್ಯಾಸ ಆಯ್ತು. ನಮ್ಮತ್ತೆ ನಿಧಾನಕ್ಕೆ ತಿನ್ನೋರು. ಎಂಟುನೂರು ದಾಟಿದರೆ ಇವತ್ತು ನನ್ನ ಅಡುಗೆ ಚೆನ್ನಾಗಿದೆ ಅಂತ ನನಗೆ ಗೊತ್ತಾಗೋದು. ಖುಷಿ ಆಗೋದು. ಅದನ್ನ ಹೇಳೋಕೆ ನಾಚಿಕೆ ಆಗತ್ತೆ. ಮಗಳು ಊಟ ಬಿಟ್ಟು ಎದ್ದು ಬಂದು ನನ್ನ ಕಾಲು ಹಿಡ್ಕೊಂಡು ನನ್ನ ಜೊತೆ ಹೇಳೋಳು. ಅವಳು ಅಂಕಿ ಕಲಿತಿದ್ದು ಹಾಗೆ. ಶಾಲೆಗೆ ಸೇರಿಸಿದ ದಿನ ಟೀಚರು, ಪರವಾಗಿಲ್ಲ, ಮನೇಲಿ ಚೆನ್ನಾಗಿ ಹೇಳಿಕೊಟ್ಟಿದೀರಿ ಅಂದರು. ನಾನು ಹೂಂ ಅಂದೆ.'

ಅಷ್ಟೇ. ಹಲ್ಲು ಕೀಳಿಸಿಕೊಂಡು ಬಂದು ಮತ್ತೆ ಓದಿದೆ. ಸಪ್ಪೆ ಅನ್ನಿಸಿತು. ತಿದ್ದೋಣ ಎಂದು ಪೆನ್ನು ತೆಗೆದೆ, ಎಲ್ಲಿ ಚುಚ್ಚಬೇಕೆಂದು ತಿಳಿಯದೆ ಹಾಗೇ ಬಿಟ್ಟೆ.

ಯಜಮಾನಿ ಯಾವ ಪುಸ್ತಕವನ್ನೂ ಪೂರ್ತಿ ಓದುವವಳಲ್ಲ. ಹಾಳೆ ಸರಸರನೆ ತಿರುವಿ ಅಂಚಿನಲ್ಲಿ ಕೆಂಪು ಪೆನ್ಸಿಲಿನಿಂದ 'ಏಟು ಎಲ್ಲಿ?' ಎಂದು ಗೀಚುವಳು. ಈ ಹಸ್ತಪ್ರತಿಯ ಹದಿನಾಲ್ಕು ಕಡೆ ಹಾಗೆ ಗೀಚಿ ನನ್ನ ಮೇಜಿನ ಮೇಲೆ ಎಸೆದಳು. "ಉಪ್ಪುಖಾರದವರು ಉಪವಾಸ ಇದ್ದೀರಾ? ಓದೋರು ಏನು, ಇವಳ ಗಂಡನ ಅಂಗಡೀಲಿ ಕನ್ನಡಕ ಹಾಕಿಸ್ಕೊಂಡು ಹುಡುಕಬೇಕಾ ಕಷ್ಟ ಎಲ್ಲಿದೆ ಅಂತ?"

ನನ್ನನ್ನು ಕೆಣಕಿದರೆ ಕೇಳಬೇಕೆ! ಮೂರು ದಿನದಲ್ಲಿ ಆ ಕನ್ನಡಕದವನನ್ನು ರಾಕ್ಷಸನನ್ನಾಗಿ ಮಾಡಿದೆ. ಬೆಲ್ಟು ಕೊಟ್ಟೆ, ಕುಡಿತ ಕಲಿಸಿದೆ, ಅತ್ತೆಯ ಕೈಗೆ ಇಕ್ಕಳ ಕೊಟ್ಟೆ. ಎಲ್ಲಕ್ಕಿಂತ ಮೇಲೆ, ನೆರಳಿಗೆಂದು ಅವಳು ಒರಗಿಕೊಂಡಿದ್ದಳಲ್ಲ ಆ ಟ್ಯಾಂಕು, ಅವಳನ್ನು ಎತ್ತಿ ಅದರೊಳಗೇ ಹಾಕಿದೆ. ಮೂರು ಹಗಲು ಮೂರು ರಾತ್ರಿ, ಮೇಲೆ ಮುಚ್ಚಳ, ಮುಚ್ಚಳದ ಮೇಲೆ ಕಲ್ಲು. ಒಳಗಿನ ಕತ್ತಲೆಗೇ ಹನ್ನೊಂದು ಪುಟ ಬರೆದೆ. ಬರೆಯುವಾಗ ನನಗೇ ಉಸಿರು ಕಟ್ಟಿ ಕಿಟಕಿ ತೆಗೆಯಬೇಕಾಯಿತು.

ಸಹಿ ಹಾಕುವ ದಿನ ಅವಳು ಒಂದೊಂದೇ ಅಕ್ಷರಕ್ಕೆ ಬೆರಳಿಟ್ಟು ಓದಿದಳು. ಟ್ಯಾಂಕಿನ ಪುಟಕ್ಕೆ ಬಂದಾಗ ಬೆರಳು ನಿಂತಿತು.

"ಇದು ಆಗಿಲ್ಲ ಸಾರ್."

"ಗೊತ್ತಮ್ಮ."

"ಹಾಗಾದ್ರೆ?"

"ನೋಡು ತಾಯಿ, ಗೋಡೆ ಕಡೆ ನಿಲ್ಲಿಸಿ ಅಂಕಿ ಹೇಳಿಸ್ದ ಅಂದ್ರೆ ಜನ ಏನಂತಾರೆ? ಸ್ಕೂಲಲ್ಲಿ ನಮ್ಮನ್ನೂ ನಿಲ್ಲಿಸ್ತಿದ್ರು ಅಂತಾರೆ. ನಿನಗೆ ಆಗಿದ್ದು ದೊಡ್ಡದು, ಆದ್ರೆ ಕಾಣಿಸಲ್ಲ. ಕಾಣೋ ಹಾಗೆ ಮಾಡೋದು ನನ್ನ ಕೆಲಸ. ನಿನ್ನ ಎದೆ ಒಳಗೆ ಇತ್ತಲ್ಲ ಟ್ಯಾಂಕು, ಅದನ್ನ ನಾನು ಮಹಡಿ ಮೇಲೆ ಇಟ್ಟೆ, ಅಷ್ಟೇ."

ಎಂಥ ಮಾತು! ನನ್ನ ಬೆನ್ನನ್ನು ನಾನೇ ತಟ್ಟಿಕೊಳ್ಳುವಷ್ಟು ಚೆನ್ನಾಗಿತ್ತು. ಅವಳಿಗೆ ಮಾತ್ರ ಹಿಡಿಸಲಿಲ್ಲ. "ಆಗದೆ ಇರೋದಕ್ಕೆ ಹೇಗೆ ಸಹಿ ಹಾಕ್ಲಿ ಸಾರ್?" ಎಂದು ಪೆನ್ನು ಕೆಳಗಿಟ್ಟಳು. ಯಜಮಾನಿ ತನ್ನ ಕುರ್ಚಿಯಿಂದಲೇ, "ಬಲವಂತ ಏನಿಲ್ಲಮ್ಮ. ಬೇಡ ಅಂದ್ರೆ ಬೇಡ. ಕೋಣೆ ಬೀಗದ ಕೈ ಮೇಜಿನ ಮೇಲಿಟ್ಟು ಹೋಗು" ಎಂದಳು. ಬಲು ಮೃದುವಾಗಿ ಅಂದಳು, ಬೆಣ್ಣೆಗೂ ಅಷ್ಟು ಮೃದು ಬರದು. ಮಗು ಆಗ ಕಟ್ಟುಗಳ ಮೇಲೆ ಬಾಯಿ ತೆರೆದು ಮಲಗಿತ್ತು. ಅದಕ್ಕೆ ಶೀತವೂ ಆಗಿತ್ತು.

ಪುಟಪುಟಕ್ಕೂ ಸಹಿ ಬಿತ್ತು.

ಪುಸ್ತಕ ಹೊರಬಂದ ಮೇಲೆ ಏನಾಯಿತೆಂದು ಹೇಳಿದರೆ ಬಡಾಯಿ ಅನ್ನುತ್ತೀರಿ, ಆದ್ದರಿಂದ ಅರ್ಧ ಮಾತ್ರ ಹೇಳುತ್ತೇನೆ. ಬಸ್ಸುಗಳಲ್ಲಿ ಜನ ಇಳಿಯುವ ಜಾಗ ಮರೆತರು. ಡಿಪೋದಿಂದ ದಿನಕ್ಕೆ ನೂರು ಮಂದಿಯನ್ನು ವಾಪಸು ಕಳಿಸಬೇಕಾಯಿತು. ಕನ್ನಡಕದಂಗಡಿಯ ಗಾಜಿಗೆ ಯಾರೋ ಸೆಗಣಿ ಎಸೆದರು. ಆದರೆ ವಿಚಿತ್ರ ಕೇಳಿ: ಓದಿದವರೆಲ್ಲ ಟ್ಯಾಂಕಿನ ಬಗ್ಗೆ 'ಅಯ್ಯೋ' ಅಂದರು, ಗೋಡೆಯ ಪುಟದ ಬಗ್ಗೆ ಏನೂ ಅನ್ನದೆ ಸುಮ್ಮನೆ ಕೂತರು. ವಿಮರ್ಶೆ ಬರೆಯುವ ಒಬ್ಬ ಮುದುಕ, ಹೊಗಳಿದರೆ ನಾಲಿಗೆ ಸವೆಯುತ್ತದೆ ಎಂದು ನಂಬಿದವನು, ಪ್ರೆಸ್ಸಿಗೆ ಬಂದು ನನ್ನ ಭುಜ ಹಿಡಿದು, "ಹೆಸರು ಯಾರದಾದ್ರೂ ಇರ್ಲಿ, ಆ ನೂರಾ ಹದಿನೇಳು ಬರೆದ ಕೈ ಯಾವುದು ಅಂತ ನನಗೆ ಗೊತ್ತು ಕಣಯ್ಯಾ" ಅಂದ. ನಾನು ತಲೆ ತಗ್ಗಿಸಿದೆ. ಅಲ್ಲ ಎಂದು ಹೇಳಲು ಬಾಯಿ ತೆರೆದಿದ್ದೆ, ಅಷ್ಟರಲ್ಲಿ ಚಹಾ ಬಂತು. ಆಮೇಲೆ ಬಂದವರಿಗೆಲ್ಲ ತಲೆ ತಗ್ಗಿಸುವುದೇ ರೂಢಿಯಾಯಿತು. ವರ್ಷ ಕಳೆಯುವ ಹೊತ್ತಿಗೆ ಆ ಪುಟವನ್ನು ನಾನೇ ಬರೆದೆ ಎಂದು ನನಗೂ ಮುಕ್ಕಾಲು ನಂಬಿಕೆ ಬಂದಿತ್ತು.

ಕನ್ನಡಕದವನು ಕೂಗಾಡಲಿಲ್ಲ. ಮೆತ್ತಗೆ ಹೋಗಿ ಕೋರ್ಟಿನಲ್ಲಿ ಅರ್ಜಿ ಹಾಕಿದ: ಮಗು ನನಗೆ ಬೇಕು; ಇಂಥ ಸುಳ್ಳುಗಾತಿಯ ಹತ್ತಿರ ಬೆಳೆದರೆ ಮಗು ಸುಳ್ಳನ್ನೇ ಕಲಿಯುತ್ತದೆ. ಸಾಕ್ಷಿ ಏನು ಅಂದರೆ ಪುಸ್ತಕ. ಪುಟಪುಟಕ್ಕೂ ಅವಳ ಸಹಿ.

ಅವನ ಕಡೆಯ ವಕೀಲೆ ಮೂವತ್ತರ ಹೆಂಗಸು, ಹತ್ತಿ ಸೀರೆ, ನಗುಮುಖ. ಮೊದಲ ದಿನವೇ ಹಳೆ ಪೇಪರಿನಲ್ಲಿ ಸುತ್ತಿದ ಒಂದು ದುಂಡನೆಯ ವಸ್ತು ತಂದಳು. ಬಿಚ್ಚಿದರೆ ಟ್ಯಾಂಕಿನ ಮುಚ್ಚಳ. ಆ ಮನೆಯ ಟ್ಯಾಂಕಿನದೇ. ಅದನ್ನು ಕಾಜಾದವಳ ಕೈಗೆ ಕೊಟ್ಟು, "ಸ್ವಲ್ಪ ಭುಜಕ್ಕೆ ಹಿಡಿದು ನೋಡಮ್ಮ" ಅಂದಳು. ಅವಳು ಹಿಡಿದಳು. ಮುಚ್ಚಳ ಒಂದು ಭುಜದಿಂದ ಕತ್ತಿನವರೆಗೂ ಬರಲಿಲ್ಲ. "ಈ ಬಾಯಲ್ಲಿ ಒಳಗೆ ಹೋದ್ಯಾ? ಯಾವ ಕಡೆಯಿಂದ? ಮಡಚಿಕೊಂಡಾ?" ನ್ಯಾಯಾಲಯ ಗೊಳ್ಳೆಂದಿತು. ನಾನು ಅಲ್ಲಿರಲಿಲ್ಲ, ಆದರೆ ಪ್ರೆಸ್ಸಿನ ಹುಡುಗಿಯರು ನೋಡಿ ಬಂದು ಅದನ್ನೇ ವಾರವಿಡೀ ಆಡಿ ತೋರಿಸಿದರು, ಊಟದ ಡಬ್ಬಿಯ ಮುಚ್ಚಳ ಹಿಡಿದು.

ಅಲ್ಲಿಂದ ಊರಿನ ಗಾಳಿ ತಿರುಗಿತು. ಟ್ಯಾಂಕು ಸುಳ್ಳಾದರೆ ಬೆಲ್ಟು ನಿಜವೇ? ಬೆಲ್ಟು ಸುಳ್ಳಾದರೆ ಮಿಕ್ಕಿದ್ದು? ಇವಳೇ ಹೀಗಾದರೆ ಉಳಿದ ನಲವತ್ತು ಹೆಂಗಸರ ಪುಸ್ತಕಗಳು? ಅತ್ತವರಿಗೆಲ್ಲ ಮೋಸ ಹೋದ ಸಿಟ್ಟು. ಕರವಸ್ತ್ರ ಹಿಂಡಿದ್ದ ಹೆಂಗಸರೇ ಹೆಚ್ಚು ಕೂಗಿದರು. ಕಾರ್ಖಾನೆಯಲ್ಲಿ ಅವಳ ಮೆಷಿನ್ನಿನ ಮೇಲೆ ಯಾರೋ ದಿನಾ ಒಂದು ಡಬ್ಬಿಯ ಮುಚ್ಚಳ ಇಟ್ಟು ಹೋಗುತ್ತಿದ್ದರಂತೆ.

ಒಂದು ಮಧ್ಯಾಹ್ನ ಅವಳು ನನ್ನ ಮೇಜಿನ ಮುಂದೆ ಬಂದು ನಿಂತಳು. ಕೂರು ಅಂದರೂ ಕೂರಲಿಲ್ಲ.

"ಸಾರ್, ನೀವು ಬಂದು ಹೇಳ್ಬೇಕು. ಯಾವುದು ನೀವು ಸೇರಿಸಿದ್ದು, ಯಾವುದು ನಾನು ಹೇಳಿದ್ದು. ಅಷ್ಟೇ. ಗೋಡೆದು ಒಂದು ನಿಂತರೆ ಸಾಕಂತೆ, ನಮ್ಮ ಲಾಯರು ಹೇಳಿದಾರೆ. ಅದೊಂದಕ್ಕೇ ಮಗು ನನ್ನ ಹತ್ರ ಉಳಿಯುತ್ತಂತೆ."

"ಯಜಮಾನಿ ನನ್ನ ಚರ್ಮ ಸುಲಿದು ಪುಸ್ತಕಕ್ಕೆ ಹೊದಿಸ್ತಾಳೆ, ಗೊತ್ತಾ?"

"ನಿಮಗೆ ಕೈ ಮುಗೀತೀನಿ ಸಾರ್. ಬೇರೆ ಯಾರೂ ಇಲ್ಲ. ಟಿಪ್ಪಣಿನೂ ಇಲ್ಲ, ಟೇಪೂ ಇಲ್ಲ. ನಾನು ಹೇಳಿದ್ದು ಕೇಳಿದ್ದು ನೀವೊಬ್ಬರೇ."

ಅವಳು ಕೈ ಮುಗಿದಾಗ ಕಂಡೆ, ಬೆರಳುಗಳು ಇನ್ನೂ ಜರಡಿ. ನನಗೂ ಹೃದಯವಿದೆ, ಸಾಮಾನ್ಯರಿಗಿಂತ ಎರಡು ಪಟ್ಟು ದೊಡ್ಡದು ಎಂದು ವೈದ್ಯರೇ ಹೇಳಿದ್ದಾರೆ. "ಬರ್ತೀನಿ ಹೋಗಮ್ಮ" ಅಂದೆ. ನಿಜವಾಗಿ ಹೇಳಿಯೇ ಬರಬೇಕೆಂದು ಹೋದೆ. ಇದನ್ನು ನೀವು ನಂಬಲೇಬೇಕು.

ಕಟಕಟೆ ಹತ್ತಿದೆ. ಎದುರಿಗೆ ನ್ಯಾಯಾಧೀಶರು, ಕೆಳಗೆ ಟೈಪಿಸ್ಟು. ನಾನು ಆಡಿದ ಒಂದೊಂದು ಮಾತೂ ಟಕಟಕನೆ ಹಾಳೆಯ ಮೇಲೆ ಬೀಳುತ್ತಿತ್ತು, ಮೊದಲು ನನ್ನ ಹೆಸರು, ನಮ್ಮಪ್ಪನ ಹೆಸರು, ನನ್ನ ವೃತ್ತಿ. 'ವೃತ್ತಿ: ಲೇಖಕ.' ನಲವತ್ತೊಂದು ಪುಸ್ತಕಗಳಲ್ಲಿ ಸಿಗದೆ ಹೋದದ್ದು ಸರ್ಕಾರಿ ಕಾಗದದ ಮೇಲೆ ಒಂದೇ ನಿಮಿಷದಲ್ಲಿ ಸಿಕ್ಕಿತು. ಎದೆ ಹೇಗೆ ಉಬ್ಬಿತೆಂದರೆ ಅಂಗಿಯ ಎರಡು ಗುಂಡಿ ಕಿತ್ತುಹೋದವು ಎಂದರೂ ಸುಳ್ಳಲ್ಲ.

ಅವಳ ಲಾಯರು, ಪಾಪದ ಮುದುಕ, ಪುಕ್ಕಟೆ ಕೇಸು, ಕೇಳಬೇಕಾದದ್ದನ್ನು ಕೇಳಿದ. ಟ್ಯಾಂಕು ಯಾರದು? ನನ್ನದು. ಬೆಲ್ಟು? ನನ್ನದು. ಕುಡಿತ? ಇಕ್ಕಳ? ನನ್ನವು, ಎಲ್ಲ ನನ್ನವು. ಆಕೆಗೆ ಅವು ಬೇಡವಾಗಿದ್ದವೇ? ಬೇಡವಾಗಿದ್ದವು. ಸಹಿ ಹೇಗೆ ಬಿತ್ತು? ಇರಲು ಜಾಗವಿರಲಿಲ್ಲ, ಆದ್ದರಿಂದ. ನ್ಯಾಯಾಧೀಶರು ಕನ್ನಡಕ ತೆಗೆದು ನನ್ನನ್ನು ನೋಡಿದರು. ಕಾಜಾದವಳ ಮುಖದಲ್ಲಿ ಬಣ್ಣ ಬಂತು. ನಾನು ಬಿಟ್ಟುಕೊಟ್ಟ ಒಂದೊಂದು ಸುಳ್ಳಿಗೂ ಅವಳ ಬೆನ್ನು ಒಂದೊಂದು ಅಂಗುಲ ನೆಟ್ಟಗಾಗುತ್ತಿತ್ತು. ಕನ್ನಡಕದವನು ಮಾತ್ರ ಅಲುಗದೆ ಕೂತಿದ್ದ, ಪಕ್ಕದಲ್ಲಿ ಅವನ ತಾಯಿ, ಆಕೆಯ ತೊಡೆಯ ಮೇಲೆ ಮಗುವಿಗೆಂದು ತಂದ ಬಿಸ್ಕತ್ತಿನ ಪೊಟ್ಟಣ.

ಆಮೇಲೆ ವಕೀಲೆ ಎದ್ದಳು. ಅವಳು ನನ್ನ ಮೇಲೆ ಹರಿಹಾಯುತ್ತಾಳೆ ಎಂದು ಹಲ್ಲು ಕಚ್ಚಿ ನಿಂತಿದ್ದೆ. ಅವಳು ಕೈ ಮುಗಿದಳು!

"ಸಾರ್, ಇಷ್ಟು ದಿನ ಇಷ್ಟೆಲ್ಲ ಪುಸ್ತಕ ಬರೆದೋರು ಯಾರು ಅಂತ ಈ ಊರಿಗೆ ಗೊತ್ತೇ ಇರ್ಲಿಲ್ಲ. ಅನ್ಯಾಯ ಅಲ್ವಾ?"

"ಏನು ಮಾಡೋದು ತಾಯಿ."

"ನಾನು ನಿಮ್ಮ ಅಭಿಮಾನಿ. ನಮ್ಮಮ್ಮನೂ. ಒಂದು ಪುಟ ಓದ್ತೀನಿ, ಬೇಜಾರಿಲ್ಲ ತಾನೆ?"

ಪುಸ್ತಕ ತೆಗೆದು ನೂರಾ ಹದಿನೇಳನೆಯ ಪುಟ ಓದಿದಳು. ಹೇಗೆ ಓದಿದಳು ಅಂತೀರಿ! 'ಖುಷಿ ಆಗೋದು' ಎಂಬಲ್ಲಿ ನಿಲ್ಲಿಸಿ ಉಸಿರೆಳೆದುಕೊಂಡಳು. ಬಾಗಿಲ ಬಳಿಯ ಪೇದೆ ಟೋಪಿ ತೆಗೆದು ಹಣೆ ಒರೆಸಿಕೊಂಡ. ಟೈಪಿಸ್ಟನ ಬೆರಳುಗಳು ಕೀಲಿಯ ಮೇಲೇ ನಿಂತವು. ಓದಿ ಮುಗಿಸಿ ಪುಸ್ತಕ ಮುಚ್ಚಿದಳು.

"ಬೇರೆದೆಲ್ಲ ಬಿಡಿ ಸಾರ್. ಟ್ಯಾಂಕು ಗೀಂಕು ಯಾರು ಬೇಕಾದ್ರೂ ಬರೀತಾರೆ. ಇದು? ಇದು ದೊಡ್ಡ ಲೇಖಕರ ಕೈ. ನಾನು ಓದಿದೋಳು, ನನಗೆ ಗೊತ್ತಾಗಲ್ವಾ? ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟ, ಕಾಜಾ ಹೊಲಿಯೋ ಹೆಂಗಸಿನ ಬಾಯಲ್ಲಿ ಇದು ಬರುತ್ತಾ? ನೀವೇ ಹೇಳಿ. ಬರುತ್ತೆ ಅಂದ್ರೆ ಬರುತ್ತೆ ಅಂತಾನೇ ಟೈಪ್ ಮಾಡಿಸ್ತೀನಿ."

ಎಲ್ಲರೂ ನನ್ನತ್ತ ನೋಡಿದರು. ಹಿಂದಿನ ಸಾಲಿನಲ್ಲಿ ಆ ವಿಮರ್ಶಕ ಮುದುಕನೂ ಕೂತಿದ್ದ, ಕತ್ತು ಉದ್ದ ಮಾಡಿ. ಕಾಜಾದವಳು ನನಗೆ ತಲೆಯಾಡಿಸಿದಳು, ಹೇಳಿ ಸಾರ್ ಎಂಬಂತೆ, ಎಷ್ಟು ನಂಬಿಕೆಯಿಂದ ಅಂದರೆ ಆಗಲೇ ಅರ್ಧ ನಗುತ್ತಿದ್ದಳು. ಅಪ್ಪಣೆಗಾಗಿ ಮುಖ ನೋಡದೆ ಅವಳು ನಕ್ಕದ್ದು ಅದೇ ಮೊದಲು.

ನನ್ನ ಬಾಯಲ್ಲಿ ಎರಡು ಮಾತಿದ್ದವು. ಒಂದು ಹೇಳಿದರೆ ನಾನು ಇಷ್ಟು ದಿನ ಬರೆದದ್ದೆಲ್ಲ ಟ್ಯಾಂಕು, ಬೆಲ್ಟು, ಇಕ್ಕಳ. ಬರೆದವನು ಒಬ್ಬ ಸುಳ್ಳುಬುರುಕ. ಪುಸ್ತಕದಲ್ಲಿ ಒಳ್ಳೆಯದು ಅಂತ ಇದ್ದ ಒಂದೇ ಪುಟ ಗುಂಡಿಕಣ್ಣು ಹೊಲಿಯುವವಳದು. ಅದೂ ಟೈಪಾಗುತ್ತದೆ, ಸರ್ಕಾರಿ ಕಾಗದದ ಮೇಲೆ, ನನ್ನ ಹೆಸರಿನ ಕೆಳಗೆ, ಎಂದೆಂದಿಗೂ.

"ಅದು ನಂದು" ಅಂದೆ.

ಟಕಟಕ ಎಂದಿತು.

"ಸುಳ್ಳು!" ಎಂದು ಕಾಜಾದವಳು ಎದ್ದಳು. "ಸಾರ್, ಅವತ್ತು ನಿಮಗೆ ಹಲ್ಲುನೋವಿತ್ತು! ಕೆನ್ನೆಗೆ ಬಟ್ಟೆ ಕಟ್ಕೊಂಡಿದ್ರಿ! ನಾನು ಹೇಳ್ತಿದ್ದ ಹಾಗೇ ಬರ್ಕೊಂಡ್ರಿ!"

ನ್ಯಾಯಾಧೀಶರು ಅವಳನ್ನು ಕೂರಿಸಿ ನನ್ನ ಕಡೆ ತಿರುಗಿದರು. ಒಳ್ಳೆಯ ಮನುಷ್ಯ. "ಯೋಚಿಸಿ ಹೇಳಿ. ಇದರ ಮೇಲೆ ಒಂದು ಮಗು ಎಲ್ಲಿರಬೇಕು ಅನ್ನೋದು ನಿಂತಿದೆ. ಆಕೆ ಹೇಳಿದ್ದಾ, ನೀವು ಕಲ್ಪಿಸಿದ್ದಾ?"

ಹಿಂದಿರುಗಲು ಬಾಗಿಲು ತೆರೆದೇ ಇತ್ತು. ಆದರೆ ನಾನು ಅರ್ಧಕ್ಕೆ ನಿಲ್ಲುವ ಕಸುಬಿನವನಲ್ಲ. ಆ ಪುಟ ನನಗೆ ಹೇಗೆ ಹೊಳೆಯಿತೆಂದು ವಿವರಿಸಿದೆ. ಬೆಳಗಿನ ಜಾವ ಎದ್ದೆ, ಗೋಡೆ ನೋಡುತ್ತಾ ಕೂತೆ, ಅಂಕಿಗಳು ತಾವಾಗಿ ಬಂದವು, ಎಂಟುನೂರು ಎಂಬ ಸಂಖ್ಯೆಗಾಗಿ ಎರಡು ದಿನ ಒದ್ದಾಡಿದೆ, ಆರುನೂರು ಕಡಿಮೆಯಾಯಿತು, ಸಾವಿರ ಹೆಚ್ಚಾಯಿತು. ಹಲ್ಲುನೋವೇ? ನನ್ನ ಹಲ್ಲುಗಳು ಜನ್ಮದಲ್ಲಿ ನೋಯಲಿಲ್ಲ ಸ್ವಾಮಿ. ವಕೀಲೆ ನಡುವೆ ಬಾಯಿ ಹಾಕಲೇ ಇಲ್ಲ. ಕೈಕಟ್ಟಿ ಕೇಳಿದಳು, ಪಾಠ ಕೇಳುವ ಮಗುವಿನ ಹಾಗೆ.

ಕೊನೆಯದಾಗಿ ನ್ಯಾಯಾಧೀಶರು ಮಗುವನ್ನೇ ಒಳಕೋಣೆಗೆ ಕರೆದು ಕೇಳಿದರು. ಮರಿ, ಅಮ್ಮ ಗೋಡೆ ಕಡೆ ನಿಲ್ತಿದ್ರಾ? ಹೂಂ. ನೀನು ನೋಡಿದೀಯಾ, ಯಾರಾದ್ರೂ ಹೇಳಿದ್ರಾ? ಮಗು ಬಲು ಜಾಣೆ. ಗೋಡೌನಿನಲ್ಲಿ ಬೆಳೆದದ್ದು. "ನಮ್ಮಮ್ಮನ ಪುಸ್ತಕದಲ್ಲಿದೆ. ನಾನೇ ಓದ್ತೀನಿ" ಎಂದು ಹೆಮ್ಮೆಯಿಂದ ಅಂದಿತು. ಟ್ಯಾಂಕಲ್ಲೂ ಇದ್ರಾ ಅಮ್ಮ? ಅದೂ ಹೂಂ. ಅದೂ ಪುಸ್ತಕದಲ್ಲಿತ್ತಲ್ಲ.

ತೀರ್ಪು ಒಂದು ಹಾಳೆಯೂ ತುಂಬಲಿಲ್ಲ. ಹೇಳಿದ ಕಷ್ಟಗಳಲ್ಲಿ ಒಂದೂ ನಡೆದದ್ದಕ್ಕೆ ಆಧಾರವಿಲ್ಲ, ಪುಸ್ತಕವೆಲ್ಲ ಲೇಖಕನ ಕಲ್ಪನೆ ಎಂದು ಆಕೆಯ ಸಾಕ್ಷಿಯೇ ಒಪ್ಪಿದ್ದಾನೆ, ಮಗು ತಂದೆಯ ಬಳಿ ಇರತಕ್ಕದ್ದು. ತಾಯಿ ತಿಂಗಳಿಗೆ ಒಂದು ಭಾನುವಾರ ಎರಡು ಗಂಟೆ ನೋಡಬಹುದು, ಅಜ್ಜಿಯ ಎದುರಿಗೆ.

ಪಡಸಾಲೆಯಲ್ಲೇ ಮಗುವನ್ನು ಒಪ್ಪಿಸಬೇಕಾಯಿತು. ಕಾಜಾದವಳು ಅಳಲಿಲ್ಲ, ಅತ್ತಿದ್ದರೆ ನನಗೆ ವರ್ಣಿಸಲು ಸುಲಭವಾಗುತ್ತಿತ್ತು. ಗಂಡನಿಗೆ ಒಂದೊಂದಾಗಿ ಹೇಳಿದಳು: ರಾತ್ರಿ ಕೆಮ್ಮಿದರೆ ಬಿಸಿನೀರು, ತಣ್ಣೀರು ಬೇಡ, ಎಡಗಡೆ ಹಲ್ಲು ಅಲ್ಲಾಡುತ್ತಿದೆ, ಎಳೆಯಬೇಡಿ, ತಾನೇ ಬೀಳತ್ತೆ, ಹೊಸ ಚಪ್ಪಲಿ ಕಚ್ಚುತ್ತೆ. ಅವನು ಎಲ್ಲಕ್ಕೂ ತಲೆಯಾಡಿಸಿ, "ಸರಿ, ಆಯ್ತು" ಎಂದು ಮೆಲುದನಿಯಲ್ಲಿ ಅಂದ. ಅತ್ತೆ ಬಿಸ್ಕತ್ತಿನ ಪೊಟ್ಟಣ ಒಡೆದು ಮಗುವಿನ ಕೈಗಿತ್ತು, "ಬಾ ಕಂದ, ಊಟದ ಹೊತ್ತಾಯ್ತು" ಅಂದಳು. ಮಗು ಹೋಗುವಾಗ ಮೂರು ಸಲ ತಿರುಗಿ ನೋಡಿತು. ನಾಲ್ಕನೆಯ ಸಲ ತಿರುಗಲು ಅಜ್ಜಿ ಬಿಡಲಿಲ್ಲ.

ಕಾಜಾದವಳು ನನ್ನ ಮುಂದೆಯೇ ಹಾದುಹೋದಳು. ಬೈಯುತ್ತಾಳೆ, ಉಗಿಯುತ್ತಾಳೆ ಎಂದು ಗೋಡೆಗೆ ಸರಿದು ನಿಂತೆ. ಅವಳು ನಿಂತು, "ಹಲ್ಲುನೋವು ವಾಸಿ ಆಯ್ತಾ ಸಾರ್?" ಎಂದಷ್ಟೇ ಕೇಳಿ ಮೆಟ್ಟಿಲಿಳಿದಳು.

ಯಜಮಾನಿ ನನ್ನ ಚರ್ಮ ಸುಲಿಯಲಿಲ್ಲ. ಬಲು ಚುರುಕಾದ ಹೆಂಗಸು. ತೀರ್ಪು ಬಂದ ತಿಂಗಳಲ್ಲೇ ಅದೇ ಪುಸ್ತಕವನ್ನು ಕಾದಂಬರಿ ಎಂದು ಮಾಡಿ ಎರಡನೆಯ ಮುದ್ರಣ ತಂದಳು. ರಕ್ಷಾಪುಟದ ಮೇಲೆ ನನ್ನ ಹೆಸರು. ಅಕ್ಷರ ಎಷ್ಟು ದೊಡ್ಡದೆಂದರೆ ಎದುರು ಬೀದಿಯ ಕುರುಡನೂ ಓದಿದ ಎನ್ನುತ್ತಾರೆ. ಹಿಂಬದಿಯಲ್ಲಿ ಅವಳ ಫೋಟೋ ಇದ್ದ ಜಾಗದಲ್ಲಿ ನನ್ನದು, ಗಲ್ಲಕ್ಕೆ ಕೈಯಿಟ್ಟು.

ಈಗ ನನ್ನನ್ನು ಊರೂರಿಗೆ ಕರೆಯುತ್ತಾರೆ. ಎಲ್ಲ ಕಡೆ ಕೇಳುವುದು ಆ ಒಂದೇ ಪುಟ. ಟ್ಯಾಂಕು ಓದುತ್ತೇನೆ ಎಂದರೂ ಬೇಡ ಅನ್ನುತ್ತಾರೆ. ಎದ್ದು ನಿಂತು ಓದುತ್ತೇನೆ. ವಕೀಲೆ ಎಲ್ಲಿ ಉಸಿರೆಳೆದುಕೊಂಡಳೋ ಅಲ್ಲಿ ನಾನೂ ಎಳೆದುಕೊಳ್ಳುತ್ತೇನೆ. ಒಳ್ಳೆಯದನ್ನು ಯಾರಿಂದಲಾದರೂ ಕಲಿಯಬೇಕು.

ಮೊನ್ನೆ ಒಂದು ವಾಚನಾಲಯದಲ್ಲಿ ಓದು ಮುಗಿದ ಮೇಲೆ ಮುಂದಿನ ಸಾಲಿನ ಒಬ್ಬ ಹೆಂಗಸು, ನಲವತ್ತರ ಹತ್ತಿರದವಳು, ಕೈಚೀಲವನ್ನು ಎದೆಗೆ ಒತ್ತಿಕೊಂಡು ಎದ್ದಳು. ಅವಳ ಗಂಡ ಪಕ್ಕದಲ್ಲೇ ಕೂತಿದ್ದ. ಮಾತಾಡುವ ಮೊದಲು ಅವನ ಮುಖ ನೋಡಿದಳು.

"ಸಾರ್, ಇದು... ಯಾರಿಗಾದ್ರೂ ನಿಜವಾಗ್ಲೂ ಆಗಿದ್ದಾ?"

ಸಭೆ ಕಿವಿ ನಿಮಿರಿಸಿತು. ನಾನು ಪುಸ್ತಕ ಮುಚ್ಚಿ, ನೀರು ಕುಡಿದು, ನನ್ನ ಹೆಸರು ಎಲ್ಲರಿಗೂ ಕಾಣುವಂತೆ ಅದನ್ನು ಮೇಜಿನ ಮೇಲೆ ನಿಲ್ಲಿಸಿದೆ.

"ಇಲ್ಲಮ್ಮ. ಹೀಗೆಲ್ಲ ಯಾರಿಗೂ ಆಗಲ್ಲ. ಪೂರ್ತಿ ನನ್ನ ಕಲ್ಪನೆ."

"ನೋಡ್ದಾ? ನಾನು ಹೇಳ್ಲಿಲ್ವಾ?" ಎಂದ ಗಂಡ. ಸಭೆಯೆಲ್ಲ ಒಮ್ಮೆಗೇ ಉಸಿರು ಬಿಟ್ಟಿತು. ಯಾರೋ ಚಪ್ಪಾಳೆ ಶುರು ಮಾಡಿದರು. ಆ ಹೆಂಗಸು ಕೂತಳು. ಅವಳೂ ಚಪ್ಪಾಳೆ ತಟ್ಟಿದಳು. ಎಲ್ಲರೂ ನಿಲ್ಲಿಸಿದ ಮೇಲೂ ತಟ್ಟುತ್ತಲೇ ಇದ್ದಳು, ಗಂಡ 'ಸಾಕು' ಅನ್ನುವವರೆಗೆ.